ಊರಿಗೆ ವಾಪಸ್ ಬಂದರೆ ನೆಮ್ಮದಿ ಸಿಗುತ್ತಾ, ಡಾಕ್ಟ್ರೇ?

ಪ್ರಶ್ನೆ:

ನನಗೆ 36 ವರ್ಷ. ಸಿಂಧನೂರು ತಾಲ್ಲೂಕಿನವಳು. ಗಂಡ ಮತ್ತು ಆರು ವರ್ಷದ ಮಗನ ಜೊತೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೇನೆ. ಬಂದು ಏಳು ವರ್ಷ ಆಯ್ತು. ಸಾಫ್ಟ್‌ವೇರ್ ಕೆಲಸ. ಟೀಮಿನಲ್ಲಿ ಇಬ್ಬರು ಬಿಟ್ಟುಹೋದ ಮೇಲೆ ಅವರ ಕೆಲಸವೂ ನನ್ನ ತಲೆಗೇ ಬಂತು. ಅದೇ ಹೊತ್ತಿಗೆ, 2024ರ ಆಗಸ್ಟ್‌ನಲ್ಲಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯ್ತು. ನಮ್ಮದು ಎಡದಂಡೆ ಕಾಲುವೆ ನಂಬಿದ ಗದ್ದೆ. ಆ ವಾರ ಪೂರ್ತಿ ಹಗಲು ಆಫೀಸು, ರಾತ್ರಿ ಫೋನು. ಆಗ ಕೆಟ್ಟ ನಿದ್ದೆ ಆಮೇಲೆ ಸರಿಹೋಗಲೇ ಇಲ್ಲ. ಲ್ಯಾಪ್‌ಟಾಪ್ ತೆಗೆದರೆ ಎದೆ ಢವಢವ ಅನ್ನುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಹಾಲಿನ ಪ್ಯಾಕೆಟ್‌ಗಳ ಮುಂದೆ ನಿಂತು ಯಾವುದು ತಗೊಳ್ಳಬೇಕೋ ತಿಳಿಯದೆ ಅಳೋಕೆ ಶುರು ಮಾಡಿದೆ. ಇಲ್ಲಿನ ಡಾಕ್ಟರ್ ಬರ್ನ್‌ಔಟ್ ಅಂದರು, ರಜೆ ಬರೆದರು. ಈಗ ಮೂರು ತಿಂಗಳಾಯ್ತು.

ನಿದ್ದೆ ಸ್ವಲ್ಪ ಪರವಾಗಿಲ್ಲ. ಆದರೆ ಯಾವುದರಲ್ಲೂ ಖುಷಿ ಇಲ್ಲ. ಧ್ಯಾನದ ಆಪ್, ಬೆಳಗಿನ ಓಟ, ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯೋದು, ಎಲ್ಲ ಮಾಡಿದೆ. ಒಂದು ಭಾನುವಾರ ಮಂಡಕ್ಕಿಯ ವಗ್ಗಾಣಿ ಮಾಡಿದಾಗ ಮಾತ್ರ ಸ್ವಲ್ಪ ಹೊತ್ತು ಹಗುರ ಅನ್ನಿಸ್ತು. ಅಪ್ಪನಿಗೆ ಏನೂ ಹೇಳಿಲ್ಲ, ವಿಡಿಯೊ ಕಾಲ್ ಬಂದರೆ ಆಫೀಸಿನ ಶರ್ಟ್ ಹಾಕಿಕೊಂಡು ಕೂರುತ್ತೇನೆ. ಅವ್ವನಿಗೆ ಹೇಳಿದರೆ "ಕುಂತು ಉಣ್ಣಾಕ ಯಾರಾದ್ರೂ ಪಗಾರ ಕೊಡ್ತಾರೇನು? ಯಾರದೋ ದೃಷ್ಟಿ ಬಿದ್ದೈತಿ" ಅಂದು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ. ಡಾಕ್ಟರ್ ಕೊಟ್ಟ ಮಾತ್ರೆ ಶುರು ಮಾಡೋಕೆ ಭಯ, ಚಟ ಆದರೆ? ಎಲ್ಲ ಬಿಟ್ಟು ಸಿಂಧನೂರಿಗೆ ಬಂದುಬಿಡಲಾ? ನೆಮ್ಮದಿ ಅನ್ನೋದು ಈ ದೇಶದಲ್ಲಿ ನನಗೆ ಸಿಗೋದೇ ಇಲ್ವಾ?

ಉತ್ತರ:

ನೀವು ಕೇಳಿರುವ ಪ್ರಶ್ನೆಗಳ ಜೊತೆಗೆ, ಕೇಳದೆ ಬಿಟ್ಟ ಪ್ರಶ್ನೆಯೂ ಒಂದಿದೆ: ನಾನು ಸೋಮಾರಿಯಾಗಿಬಿಟ್ಟೆನಾ ಅಂತ. ಅದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಲ್ಲ. ಸೋಮಾರಿಗೆ ಕೆಲಸ ತಪ್ಪಿಸಿಕೊಂಡು ಕೂತರೆ ಹಾಯಾಗಿರುತ್ತದೆ. ನೀವು ರಜೆಯಲ್ಲೂ ಶರ್ಟ್ ಹಾಕಿಕೊಂಡು ಕೂರುತ್ತಿದ್ದೀರಿ. ಬಳ್ಳಾರಿಯ ನನ್ನ ಕ್ಲಿನಿಕ್ಕಿಗೆ ಇದೇ ಸ್ಥಿತಿಯಲ್ಲಿ ಬರುವವರಲ್ಲಿ ಬ್ಯಾಂಕಿನವರು, ನರ್ಸ್‌ಗಳು, ಸ್ಟೀಲ್ ಕಾರ್ಖಾನೆಯ ಶಿಫ್ಟ್ ಇಂಜಿನಿಯರ್‌ಗಳು, ಮೇಷ್ಟ್ರುಗಳು ಇರುತ್ತಾರೆ. ಕೆಲಸಗಳ್ಳರು ಬಂದದ್ದು ನನಗೆ ನೆನಪಿಲ್ಲ. ಬರುವವರೆಲ್ಲ ಬಿಟ್ಟುಹೋದವರ ಕೆಲಸವನ್ನೂ ಎಳೆದುಕೊಂಡು ಮಾಡಿದವರೇ.

ಬರ್ನ್‌ಔಟ್ ಅಂದರೆ ಏನು ಅನ್ನೋದರ ಬಗ್ಗೆ ಗೊಂದಲ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಇದನ್ನು ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆದರೆ ಅಲ್ಲಿ ಇದು ಕಾಯಿಲೆ ಅಂತ ಇಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತಿದೆ. ಬಹಳ ಕಾಲದ ಒತ್ತಡವನ್ನು ಸಂಭಾಳಿಸಲಾಗದೆ ಬರುವ ಇದಕ್ಕೆ ಮೂರು ಲಕ್ಷಣ ಹೇಳಿದ್ದಾರೆ. ಶಕ್ತಿಯೆಲ್ಲ ಬಸಿದು ಹೋದಂತಾಗೋದು, ಕೆಲಸದ ಮೇಲೆ ಬೇಸರ ಬಂದು ಮನಸ್ಸು ದೂರ ಸರಿಯೋದು, ಏನು ಮಾಡಿದರೂ ಸರಿಯಾಗ್ತಿಲ್ಲ ಅನ್ನಿಸೋದು. ಮೂರೂ ನಿಮ್ಮ ಪತ್ರದಲ್ಲಿವೆ.

ಇಲ್ಲಿ ಒಂದು ಕೊಕ್ಕೆ ಇದೆ. ಬರ್ನ್‌ಔಟ್ ಕೆಲಸದ ಮಾತಾದರೆ, ಕೆಲಸದಿಂದ ದೂರ ಇದ್ದು ಮೂರು ತಿಂಗಳಾದರೂ "ಯಾವುದರಲ್ಲೂ ಖುಷಿ ಇಲ್ಲ" ಅನ್ನೋದು ಯಾಕೆ? ಮಗ ಬಂದು ತಬ್ಬಿಕೊಂಡರೂ ಒಳಗೆ ಏನೂ ಆಗದಿದ್ದರೆ, ಬೆಳಗಿನ ಜಾವ ಮೂರು ನಾಲ್ಕಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, "ನಾನು ಎಲ್ಲರಿಗೂ ಭಾರ" ಅನ್ನೋ ಮಾತು ತಲೆಯಲ್ಲಿ ತಿರುಗುತ್ತಿದ್ದರೆ ಅದು ಡಿಪ್ರೆಷನ್ ಇರಬಹುದು. ಎರಡೂ ಒಟ್ಟಿಗೆ ಇರೋದೂ ಸಾಮಾನ್ಯ. ಈ ವ್ಯತ್ಯಾಸ ಮುಖ್ಯ. ಡಿಪ್ರೆಷನ್‌ಗೆ ಖಚಿತ ಚಿಕಿತ್ಸೆ ಇದೆ, ಬರೀ ರಜೆಯಿಂದ ಅದು ಹೋಗೋದಿಲ್ಲ. ನಿಮ್ಮ ಡಾಕ್ಟರ್ ಏನು ಬರೆದಿದ್ದಾರೆ ನೋಡಿ. ಜರ್ಮನಿಯಲ್ಲಿ ಬರ್ನ್‌ಔಟ್‌ಗೆ ಝಡ್ 73 ಅನ್ನೋ ಕೋಡ್ ಹಾಕುತ್ತಾರೆ. ಜೊತೆಗೆ ಎಫ್ 32 ಇದ್ದರೆ ಅವರು ಡಿಪ್ರೆಷನ್ ಗುರುತಿಸಿದ್ದಾರೆ ಅಂತ ಅರ್ಥ. ಕಂಪನಿಗೆ ಗೊತ್ತಾಗುತ್ತೆ ಅನ್ನೋ ಹೆದರಿಕೆ ಬೇಡ. ರಜೆಯ ಮಾಹಿತಿ ಅವರಿಗೆ ಹೋಗುತ್ತದೆ, ರೋಗದ ಹೆಸರು ಹೋಗೋದಿಲ್ಲ.

ಇದೆಲ್ಲ ಮನಸ್ಸಿನದೇ ಅಂದುಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಬಿ12, ವಿಟಮಿನ್ ಡಿ. ಹ್ಯಾಂಬರ್ಗ್‌ನಲ್ಲಿ ಡಿಸೆಂಬರ್ ಹಗಲು ಸುಮಾರು ಏಳೂವರೆ ಗಂಟೆ, ಅದರಲ್ಲೂ ಮೋಡವೇ ಜಾಸ್ತಿ. ರಾಯಚೂರಿನಲ್ಲಿ ಅದೇ ದಿನ ಹನ್ನೊಂದು ಗಂಟೆ ಬಿಸಿಲಿರುತ್ತದೆ. ಅಲ್ಲಿನ ಚಳಿಗಾಲದ ಬಿಸಿಲು ವಿಟಮಿನ್ ಡಿ ತಯಾರಿಸುವಷ್ಟು ಚುರುಕಲ್ಲ, ನಮ್ಮ ಕಂದು ಚರ್ಮಕ್ಕೆ ಇನ್ನೂ ಜಾಸ್ತಿ ಬಿಸಿಲು ಬೇಕು. ಸಸ್ಯಾಹಾರಿಯಾಗಿದ್ದರೆ ಬಿ12 ಕಡಿಮೆ ಇರುವ ಸಾಧ್ಯತೆಯೂ ಇದೆ. ಇವು ಕಡಿಮೆಯಾದರೆ ಸುಸ್ತು, ಮರೆವು, ಬೇಸರ ಎಲ್ಲ ಬರುತ್ತವೆ. ಧ್ಯಾನದಿಂದ ಬಿ12 ಏರೋದಿಲ್ಲ ಅಲ್ವಾ? ಪ್ರತಿ ಚಳಿಗಾಲದಲ್ಲೂ ಕುಗ್ಗುತ್ತೀರಿ ಅನ್ನಿಸಿದರೆ ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್‌ನ ದೀಪದ ಮುಂದೆ ಕೂರುವ ಚಿಕಿತ್ಸೆ ಇದೆ. ಕಣ್ಣಿನ ತೊಂದರೆ ಇದ್ದವರು, ಮನೆತನದಲ್ಲಿ ಬೈಪೋಲಾರ್ ಕಾಯಿಲೆ ಇದ್ದವರು ಕೇಳದೆ ಬಳಸಬಾರದು. ಇನ್ನೊಂದು ಮಾತು: "ನಿಮ್ಮ ಅಡ್ರಿನಲ್ ಗ್ರಂಥಿ ದಣಿದಿದೆ" ಅಂತ ಹೇಳಿ ಆನ್‌ಲೈನ್‌ನಲ್ಲಿ ಪುಡಿ, ಕ್ಯಾಪ್ಸೂಲ್ ಮಾರುವವರಿದ್ದಾರೆ. ವೈದ್ಯಶಾಸ್ತ್ರದಲ್ಲಿ ಹಾಗೊಂದು ರೋಗ ಇಲ್ಲ. ದುಡ್ಡು ಉಳಿಸಿ.

ಹಾಲಿನ ಪ್ಯಾಕೆಟ್ ಮುಂದೆ ಅತ್ತಿದ್ದಕ್ಕೆ ನಾಚಿಕೆ ಅಂತ ನೀವು ಬರೆದಿಲ್ಲ, ಆದರೆ ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ನಿದ್ದೆ ಕೆಟ್ಟರೆ, ಸದಾ ಗಾಬರಿಯಲ್ಲೇ ಇದ್ದರೆ ಮೊದಲು ಸೋಲುವುದು ಆಯ್ಕೆ ಮಾಡುವ ಶಕ್ತಿ. ಕೊಬ್ಬು ಇರುವ ಹಾಲು, ಇಲ್ಲದ ಹಾಲು, ಓಟ್ಸ್ ಹಾಲು, ಸೋಯಾ ಹಾಲು, ಎಲ್ಲದರ ಮೇಲೂ ಜರ್ಮನ್ ಅಕ್ಷರ. ಆ ಕಪಾಟಿನ ಮುಂದೆ ನಿಮ್ಮ ತಲೆ ಅಂದು ಇನ್ನೂರನೆಯದೋ ಮುನ್ನೂರನೆಯದೋ ತೀರ್ಮಾನ ಮಾಡಬೇಕಿತ್ತು. ಆಗಲಿಲ್ಲ. ಅಷ್ಟೇ.

ಪರದೇಶದ ದಣಿವನ್ನು ನಾವು ಲೆಕ್ಕಕ್ಕೇ ಹಿಡಿಯೋದಿಲ್ಲ. ಮನೆಯಲ್ಲಿ ಕನ್ನಡ, ಮೀಟಿಂಗಿನಲ್ಲಿ ಇಂಗ್ಲಿಷ್, ಮಗನ ಶಾಲೆಯಿಂದ ಬರುವ ಕಾಗದ ಜರ್ಮನ್. ಜ್ವರ ಬಂದರೆ ಪಕ್ಕದ ಮನೆಯವರು ಸಾರು ಕಳಿಸೋದಿಲ್ಲ. ಕಳಿಸಲಿ ಅಂತ ಹೇಳಿಕೊಳ್ಳೋಕೂ ಬರೋದಿಲ್ಲ. ಇದರ ಮೇಲೆ ಊರಿನ ಚಿಂತೆ. ಗೇಟು ಹೋದ ಆ ವಾರ ನೀವು ಎರಡು ಕಡೆ ಡ್ಯೂಟಿ ಮಾಡಿದಿರಿ. ಹೊಸಪೇಟೆ ಹತ್ತಿರ ಡ್ಯಾಮಿನ ಮೇಲೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸುತ್ತಿದ್ದವರಿಗೂ ಸರದಿ ಬದಲಾಗುತ್ತಿತ್ತು, ನಿಮಗೆ ಬದಲಾಗಲಿಲ್ಲ. ನೀವು ಫೋನ್ ನೋಡಿದ್ದರಿಂದ ಒಂದು ಕ್ಯುಸೆಕ್ ನೀರೂ ಉಳಿಯಲಿಲ್ಲ. ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಿದರೆ ಬೇಜಾರು ಬೇಡ. ದೂರ ಇದ್ದವರು ಕೈಯಲ್ಲಿ ಏನೂ ಮಾಡಲಾಗದ್ದಕ್ಕೆ ನಿದ್ದೆಗೆಟ್ಟು ಕಂದಾಯ ಕಟ್ಟುತ್ತಾರೆ. ಇದನ್ನು ದುಬೈಗೆ ಹೋದವರಲ್ಲೂ ನೋಡಿದ್ದೇನೆ, ಬೆಂಗಳೂರಿಗೆ ಹೋದವರಲ್ಲೂ ನೋಡಿದ್ದೇನೆ.

ಈಗ ನೆಮ್ಮದಿಯ ವಿಷಯ. ಡ್ಯಾಮಿನಿಂದ ಎಡದಂಡೆಗೆ ನೀರು ಬಿಟ್ಟ ದಿನವೇ ಮಾನ್ವಿ, ಸಿರವಾರ ಕಡೆಯ ಗದ್ದೆಗೆ ನೀರು ಮುಟ್ಟೋದಿಲ್ಲ, ನಿಮಗೇ ಗೊತ್ತು. ಮೇಲಿನವರಿಗೆ ಮೊದಲು, ಕೊನೆ ಭಾಗದವರಿಗೆ ಕೊನೆಗೆ. ಬರ್ನ್‌ಔಟ್‌ನಿಂದ ಚೇತರಿಕೆಯೂ ಹಾಗೇ ಇಳಿದು ಬರುತ್ತದೆ. ಮೊದಲು ನಿದ್ದೆ. ಆಮೇಲೆ ಮೈಗೆ ತ್ರಾಣ. ಆಮೇಲೆ ಒಂದು ಪುಟ ಓದುವಷ್ಟು ಗಮನ. ಆಮೇಲೆ ಸಣ್ಣಪುಟ್ಟದರಲ್ಲಿ ಆಸಕ್ತಿ. ನೆಮ್ಮದಿ ಬರೋದು ಕೊನೆಗೆ. ನೀವು ಮೂರು ತಿಂಗಳಿಗೇ ಕೊನೆಯ ತೂಬಿನ ಹತ್ತಿರ ನಿಂತು ನೀರು ಬರಲಿಲ್ಲ ಅಂತಿದ್ದೀರಿ. ನಿದ್ದೆ ಸುಧಾರಿಸಿದೆ ಅಂತ ನೀವೇ ಬರೆದಿದ್ದೀರಿ, ಅಂದರೆ ನೀರು ಬಿಟ್ಟಿದ್ದಾರೆ. ಇಷ್ಟು ಗಟ್ಟಿಯಾಗಿ ಕುಸಿದವರಿಗೆ ಆರು ತಿಂಗಳು, ವರ್ಷ ಹಿಡಿಯೋದು ಮಾಮೂಲಿ. ನಡುವೆ ಒಂದು ವಾರ ಚೆನ್ನಾಗಿದ್ದು ಮುಂದಿನ ವಾರ ಮತ್ತೆ ಹಾಸಿಗೆ ಹಿಡಿಯೋದೂ ಮಾಮೂಲಿ.

ಆಪ್, ಓಟ, ಮೂರು ಒಳ್ಳೆಯ ಸಂಗತಿ... ಇವು ಕೆಟ್ಟವಲ್ಲ. ಆದರೆ ನೀವು ಅವನ್ನು ಮಾಡುತ್ತಿರುವ ರೀತಿ ನೋಡಿ. ಆಫೀಸಿನ ಟಾರ್ಗೆಟ್ ಬಿಟ್ಟು ನೆಮ್ಮದಿಗೆ ಟಾರ್ಗೆಟ್ ಹಾಕಿಕೊಂಡಿದ್ದೀರಿ. ಒಂದು ದಿನ ತಪ್ಪಿದರೆ ಅದಕ್ಕೂ ಅಪರಾಧಿ ಭಾವ. ನಾನಾದರೆ ಸದ್ಯಕ್ಕೆ ಆಪ್ ತೆಗೆದುಹಾಕಿ ಅನ್ನುತ್ತೇನೆ. ಓಟದ ಬದಲು ನಡೆಯಿರಿ, ಬೆಳಕಿರುವ ಹೊತ್ತಿನಲ್ಲಿ, ಹೆಜ್ಜೆ ಎಣಿಸದೆ.

ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹಾರಿಸಿದ ವಗ್ಗಾಣಿ ನನಗೆ ಆ ಆಪ್‌ಗಿಂತ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಏನಾಯ್ತು ಯೋಚಿಸಿ. ಮಂಡಾಳು ನೀರಿಗೆ ಹಾಕಿದ ಮೇಲೆ ಫೋನ್ ನೋಡೋಕೆ ಬಿಡುವಿಲ್ಲ. ಒಂದು ಗಳಿಗೆ ಜಾಸ್ತಿ ನೆಂದರೆ ಮುದ್ದೆ. ಕೈಯಲ್ಲಿ ಹಿಂಡಬೇಕು, ಅತ್ತ ಈರುಳ್ಳಿ, ಹಸಿಮೆಣಸಿನಕಾಯಿ ಸೀಯಬಾರದು, ಕೊನೆಗೆ ಪುಟಾಣಿ ಹಿಟ್ಟು ಉದುರಿಸಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೆ ಶುರು, ಮುಕ್ತಾಯ ಎರಡೂ ಇವೆ. ತಿಂದರೆ ಖಾಲಿ. ಅದಕ್ಕೆ ರಿವ್ಯೂ ಇಲ್ಲ, ಮುಂದಿನ ವಾರಕ್ಕೆ ಅದರ ಬಾಕಿ ಇಲ್ಲ. ನಿಮ್ಮ ಆಫೀಸು ಕೆಲಸದಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು. ಇಂಥದ್ದನ್ನು ವಾರಕ್ಕೆ ಎರಡು ಮೂರು ಸಲ ಇಟ್ಟುಕೊಳ್ಳಿ. ಅಡುಗೆಯೇ ಆಗಬೇಕಂತಿಲ್ಲ. ಹೊಲಿಗೆ, ಕುಂಡದಲ್ಲಿ ಕೊತ್ತಂಬರಿ, ಮಗನ ಜೊತೆ ಮಣ್ಣು ಕಲಸೋದು, ಏನಾದರೂ ಸರಿ. ಚೆನ್ನಾಗಿ ಬಂತಾ ಅಂತ ಮಾತ್ರ ಅಳೆಯಬೇಡಿ, ಫೋಟೋ ತೆಗೆದು ಹಾಕಲೂಬೇಡಿ.

ಮಾತ್ರೆಯ ಭಯ ನಮ್ಮ ಕಡೆ ಎಲ್ಲರಿಗೂ ಇದೆ. ಬರ್ನ್‌ಔಟ್‌ಗೆ ಅಂತಲೇ ಮಾತ್ರೆ ಇಲ್ಲ. ಜೊತೆಗೆ ಡಿಪ್ರೆಷನ್ ಅಥವಾ ಗಾಬರಿಯ ಕಾಯಿಲೆ ಇದ್ದರೆ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ ಕೊಡುತ್ತೇವೆ. ಅವು ಚಟ ಹಿಡಿಸೋದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸೋದು, ತಲೆಭಾರ, ಕೆಲವರಿಗೆ ಗಾಬರಿ ಸ್ವಲ್ಪ ಜಾಸ್ತಿಯಾಗೋದು ಇರುತ್ತದೆ. ಲೈಂಗಿಕ ಆಸಕ್ತಿ ಕುಗ್ಗಬಹುದು, ಇದನ್ನು ಡಾಕ್ಟರಿಗೆ ಹೇಳಲು ಸಂಕೋಚ ಬೇಡ, ಔಷಧಿ ಬದಲಿಸಬಹುದು. ನೀವೇ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಬರುತ್ತದೆ, ಹಾಗಾಗಿ ಇಳಿಸುತ್ತಾ ಬಿಡಬೇಕು. ಚಟ ಹಿಡಿಸುವವು ಬೇರೆ: ಆಲ್‌ಪ್ರಜೋಲಮ್‌ನಂಥ ನಿದ್ದೆ, ಗಾಬರಿಯ ಮಾತ್ರೆಗಳು. ಕೆಲವು ದಿನದ ಮಟ್ಟಿಗೆ ಅವುಗಳಿಗೂ ಜಾಗ ಇದೆ. ಆದರೆ ಊರಿಂದ ಬರುವವರ ಬ್ಯಾಗಿನಲ್ಲಿ ಸ್ಟ್ರಿಪ್ ತರಿಸಿಕೊಂಡು ನುಂಗುವವರನ್ನು ತುಂಬಾ ನೋಡಿದ್ದೇನೆ. ಅದು ಬೇಡವೇ ಬೇಡ. ನಿಮಗೆ ಬರೆದಿರುವುದು ಯಾವುದು ಅಂತ ಡಾಕ್ಟರನ್ನೇ ಕೇಳಿ, ನೇರವಾಗಿ.

ಮಾತಿನ ಚಿಕಿತ್ಸೆಗೆ ಅಲ್ಲಿನ ಸರ್ಕಾರಿ ವಿಮೆ ಹಣ ಕೊಡುತ್ತದೆ. ತೊಂದರೆ ಅಂದರೆ ಕಾಯುವ ಸಾಲು, ತಿಂಗಳುಗಟ್ಟಲೆ. 116117ಕ್ಕೆ ಫೋನ್ ಮಾಡಿದರೆ ಮೊದಲ ಭೇಟಿಗೆ ಸಮಯ ಕೊಡಿಸುತ್ತಾರೆ. ಇನ್ನೊಂದು ತೊಂದರೆ ಭಾಷೆ. ಅವ್ವನ ಮಾತು ಎಲ್ಲಿ ಚುಚ್ಚಿತು ಅಂತ ಜರ್ಮನ್‌ನಲ್ಲಿ ಹೇಳೋದು ಕಷ್ಟ. ಸಾಲಿನಲ್ಲಿ ಕಾಯುವಾಗ ಕನ್ನಡದಲ್ಲಿ ಆನ್‌ಲೈನ್ ಮಾತಾಡುವ ಮನಶ್ಶಾಸ್ತ್ರಜ್ಞರನ್ನು ಹಿಡಿಯಬಹುದು. ಖರ್ಚು ನಿಮ್ಮದೇ ಆಗುತ್ತದೆ, ಮತ್ತು ಓದಿದ ಡಿಗ್ರಿ ಏನು ಅಂತ ಕೇಳಿಯೇ ಶುರು ಮಾಡಿ. "ಲೈಫ್ ಕೋಚ್" ಬೋರ್ಡಿನವರು ಬೇಡ.

ಇನ್ನು ದೊಡ್ಡ ಪ್ರಶ್ನೆ, ವಾಪಸ್ ಬರೋದಾ? ಸಿಂಧನೂರು ಅಂತ ಬರೆದಿದ್ದೀರಿ. ನಿಮ್ಮ ಕೆಲಸ ಸಿಂಧನೂರಲ್ಲಿ ಇಲ್ಲ. ಸಾಫ್ಟ್‌ವೇರ್‌ನಲ್ಲೇ ಮುಂದುವರಿದರೆ ಬರೋದು ಬೆಂಗಳೂರಿಗೆ ಅಥವಾ ಹೈದರಾಬಾದಿಗೆ. ಅಲ್ಲಿನ ಟ್ರಾಫಿಕ್ಕು, ರಾತ್ರಿ ಕಾಲ್, ಹೊಸ ಕೆಲಸದಲ್ಲಿ ಮತ್ತೆ ಸಾಬೀತು ಮಾಡಿಕೊಳ್ಳುವ ಓಟ. ಕೆಲಸ ಬಿಟ್ಟು ಊರಲ್ಲೇ ಇರುತ್ತೇನೆ ಅಂದರೆ ಅದೂ ಒಂದು ದಾರಿ. ಆದರೆ ನಿಮ್ಮ ಮನಸ್ಸಿನಲ್ಲಿರುವ ಊರಿನಲ್ಲಿ ನೀವು ಮಗಳು. ಬಂದ ಮೇಲೆ ಸೊಸೆಯೂ ಹೌದು, ಜರ್ಮನ್ ಮಾತಾಡುವ ಹುಡುಗನ ತಾಯಿಯೂ ಹೌದು, ಏಪ್ರಿಲ್‌ನಲ್ಲಿ ನಲವತ್ತು ದಾಟುವ ಬಿಸಿಲಿನಲ್ಲಿ "ಯಾಕೆ ಬಂದ್ರಿ?" ಅಂತ ಕೇಳುವವರಿಗೆಲ್ಲ ಉತ್ತರ ಕೊಡಬೇಕಾದವರೂ ಹೌದು. ಬಂದು ಸುಖವಾಗಿರುವವರು ಇದ್ದಾರೆ. ಅವರು ಏನಾದರೂ ಮಾಡಬೇಕು ಅಂತ ಬಂದವರು. ತಪ್ಪಿಸಿಕೊಂಡರೆ ಸಾಕು ಅಂತ ಬಂದವರಲ್ಲಿ ಕೆಲವರು ಎರಡು ವರ್ಷಕ್ಕೆ ಮತ್ತೆ ವೀಸಾ ಕೇಳಿಕೊಂಡು ಓಡಾಡಿದ್ದು ನೋಡಿದ್ದೇನೆ. ಹಾಲು ಯಾವುದು ಅಂತ ಆರಿಸಲಾಗದ ಹೊತ್ತಿನಲ್ಲಿ ದೇಶ ಯಾವುದು ಅಂತ ಆರಿಸಬೇಡಿ. ಬೇಸಿಗೆ ಬರಲಿ, ಗಮನ ಮರಳಲಿ, ಗಂಡನ ಜೊತೆ ಕೂತು ಮಾತಾಡಿ. ಅವರ ಬಗ್ಗೆ ಪತ್ರದಲ್ಲಿ ಏನೂ ಇಲ್ಲ ಅನ್ನೋದನ್ನೂ ಗಮನಿಸಿದೆ. ಅವರಿಗೂ ದಣಿವಾಗಿರಬಹುದು.

ನಾಲ್ಕು ವಾರ ಊರಿಗೆ ಬಂದು ಹೋಗಬಹುದಾ? ಬರಬಹುದು, ಒಳ್ಳೆಯದೂ ಆಗಬಹುದು. ಆದರೆ ಟಿಕೆಟ್ ತೆಗೆಯುವ ಮೊದಲು ವಿಮೆಯವರನ್ನು ಕೇಳಿ. ಜರ್ಮನಿಯಲ್ಲಿ ಮೊದಲ ಆರು ವಾರ ಕಂಪನಿ ಪೂರ್ತಿ ಸಂಬಳ ಕೊಡುತ್ತದೆ. ಆಮೇಲೆ ಸರ್ಕಾರಿ ವಿಮೆಯವರು ಒಟ್ಟು ಸಂಬಳದ ಶೇ 70ರ ಲೆಕ್ಕದಲ್ಲಿ, ಆದರೆ ಕೈಗೆ ಬರುತ್ತಿದ್ದ ಸಂಬಳದ ಶೇ 90 ಮೀರದಂತೆ, ಒಂದು ಗರಿಷ್ಠ ಮಿತಿಯೊಳಗೆ ಕೊಡುತ್ತಾರೆ. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೆ. ಮೂರು ತಿಂಗಳಾದ್ದರಿಂದ ನೀವು ಈಗ ಆ ಹಣದಲ್ಲಿದ್ದೀರಿ. ಅವರ ಒಪ್ಪಿಗೆ ಇಲ್ಲದೆ ಭಾರತಕ್ಕೆ ಬಂದರೆ ಹಣ ನಿಲ್ಲುತ್ತದೆ. ತುಂಬಾ ದಿನ ಇದ್ದರೆ ವಾಸದ ಪರವಾನಗಿಯೂ ಹೋಗುತ್ತದೆ, ಸಾಮಾನ್ಯವಾಗಿ ಆರು ತಿಂಗಳಿಗೆ, ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಆದರೆ 12 ತಿಂಗಳಿಗೆ. ಬಂದರೂ ಮದುವೆ ಸೀಸನ್ನಿನಲ್ಲಿ ಬರಬೇಡಿ. ದಿನಕ್ಕೆ ನಾಲ್ಕು ಮನೆ ಊಟ ಮಾಡಿ, ಬಂದದ್ದಕ್ಕಿಂತ ಜಾಸ್ತಿ ಸುಸ್ತಾಗಿ ವಿಮಾನ ಹತ್ತುತ್ತೀರಿ.

ಅಲ್ಲೇ ಇದ್ದು ಕೆಲಸಕ್ಕೆ ಮರಳುವುದಾದರೆ ಒಂದು ಒಳ್ಳೆಯ ಏರ್ಪಾಟಿದೆ, ಅದಕ್ಕೆ ನಿಮ್ಮ ಊರಿನ ಹೆಸರೇ: ಹ್ಯಾಂಬರ್ಗ್ ಮಾದರಿ. ದಿನಕ್ಕೆ ಎರಡು ಗಂಟೆ, ಕೆಲವು ವಾರ ಬಿಟ್ಟು ನಾಲ್ಕು, ಆಮೇಲೆ ಆರು ಹೀಗೆ ಏರಿಸುತ್ತಾ ಹೋಗುವುದು. ಡಾಕ್ಟರ್ ಬರೆದುಕೊಡುತ್ತಾರೆ, ಕಂಪನಿ ಒಪ್ಪಬೇಕು, ಆ ಅವಧಿಯಲ್ಲಿ ನೀವು ಇನ್ನೂ ರಜೆಯಲ್ಲೇ ಇದ್ದಂತೆ, ವಿಮೆ ಹಣ ಮುಂದುವರಿಯುತ್ತದೆ. ವರ್ಷದೊಳಗೆ ಆರು ವಾರಕ್ಕಿಂತ ಜಾಸ್ತಿ ರಜೆಯಾದವರ ಜೊತೆ ಕೂತು ಕೆಲಸ ಹೇಗೆ ಹೊಂದಿಸೋಣ ಅಂತ ಮಾತಾಡಲು ಕಂಪನಿ ತಾನಾಗಿ ಕರೆಯಬೇಕು, ಅದು ಅಲ್ಲಿನ ಕಾನೂನು. ಅಲ್ಲಿ ಕೇಳಬೇಕಾದ್ದು ಒಂದೇ: ಬಿಟ್ಟುಹೋದ ಆ ಇಬ್ಬರ ಕೆಲಸ ಈಗ ಯಾರು ಮಾಡುತ್ತಿದ್ದಾರೆ? ಉತ್ತರ "ನಿಮಗಾಗಿ ಕಾಯ್ತಿದೆ" ಅಂತಾದರೆ ಅದೇ ಕುರ್ಚಿಗೆ ಮರಳಬೇಡಿ. ವಿಶ್ರಾಂತಿ ಪಡೆದು ಅದೇ ಹೊರೆಗೆ ಹೆಗಲು ಕೊಟ್ಟವರು ಮತ್ತೆ ಬೀಳುತ್ತಾರೆ, ಎರಡನೇ ಸಲ ಬೇಗ ಬೀಳುತ್ತಾರೆ. ಬೇರೆ ಟೀಮು, ಬೇರೆ ಕಂಪನಿ, ಕಡಿಮೆ ಗಂಟೆ, ಯಾವುದಾದರೂ ಇರಲಿ. ಸಂಬಳ ಕಡಿಮೆಯಾಗುತ್ತದೆ. ಊರಿಗೆ ಕಳಿಸುವ ಹಣವೂ ಆಗ ಕಡಿಮೆ ಮಾಡಬೇಕಾದೀತು.

ಅದಕ್ಕೇ ಅಪ್ಪನಿಗೆ ಹೇಳಬೇಕು. ಶರ್ಟ್ ಹಾಕಿಕೊಂಡು ಕೂರುವ ಆ ಅರ್ಧ ಗಂಟೆ ನಿಮ್ಮ ದಿನದ ಅತಿ ದುಬಾರಿ ಕೆಲಸ. ನಮ್ಮ ಕಡೆ ಜನಕ್ಕೆ ಇದೆಲ್ಲ ಅರ್ಥವಾಗೋದಿಲ್ಲ ಅಂದುಕೊಳ್ಳಬೇಡಿ. ಸಣ್ಣ ಆಸ್ಪತ್ರೆಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಹೋದದ್ದು ಇಲ್ಲಿನ ಮಾದರಿ. ಇಲ್ಲಿನವರು ಮನಸ್ಸಿನ ನೋವನ್ನು ಮೈಯಿಂದ ಹೇಳುತ್ತಾರೆ: ಎದೆ ಉರಿ, ಕೈಕಾಲು ಜೋಮು, ನರದ ಸುಸ್ತು. ನೀವೂ ಹಾಗೇ ಶುರು ಮಾಡಿ. "ಅಪ್ಪಾ, ನಿದ್ದಿಗೆಟ್ಟು ಕೆಲಸ ಮಾಡಿ ಮೈ ಸೋತೈತಿ, ಡಾಕ್ಟ್ರು ರಜಾ ಹಾಕ್ಸ್ಯಾರ, ರೊಕ್ಕ ಬರಾಕತ್ತೈತಿ" ಅಷ್ಟು ಸಾಕು. ಬರ್ನ್‌ಔಟ್ ಪದವೇ ಬೇಕಿಲ್ಲ. ಗೇಟು ಹೋದ ರಾತ್ರಿ ನೀವು ಮಲಗಲಿಲ್ಲ ಅಂತಲೂ ಹೇಳಿ, ಬಹುಶಃ ಅವರೂ ಮಲಗಿರಲಿಕ್ಕಿಲ್ಲ. ಅವ್ವ ಹುಲಿಗೆಮ್ಮನ ಹರಕೆ ತೀರಿಸಲಿ, ಬೇಡ ಅನ್ನಬೇಡಿ. ದೂರದ ಮಗಳಿಗೆ ಏನಾದರೂ ಮಾಡಬೇಕು ಅನ್ನೋ ಅವಳ ಸಂಕಟಕ್ಕೂ ಒಂದು ದಾರಿ ಬೇಕು. ಮಾತ್ರೆ ನಿಲ್ಲಿಸು ಅಂದರೆ ಮಾತ್ರ ಒಪ್ಪಬೇಡಿ.

ಸಾಯಬೇಕು ಅನ್ನೋ ಯೋಚನೆ ಒಮ್ಮೆಯಾದರೂ ಸುಳಿದರೆ ಮೇಲಿನದೆಲ್ಲ ಆಮೇಲೆ. ಅಲ್ಲಿ ತುರ್ತು ಕರೆಗೆ 112, ಅಥವಾ ಹಗಲು ರಾತ್ರಿ ಸಿಗುವ ಉಚಿತ ಸಹಾಯವಾಣಿ 0800 1110111. ಊರಿಗೆ ಬಂದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನಿಗೂ ಈ ನಂಬರ್ ಕೊಟ್ಟಿಡಿ.

ರಕ್ತ ಪರೀಕ್ಷೆ ಈ ವಾರವೇ ಮಾಡಿಸಿ. ರಿಪೋರ್ಟು ಬಂದ ಮೇಲೆ ಥೈರಾಯ್ಡ್, ಬಿ12 ಎಷ್ಟಿದೆ, ಡಾಕ್ಟರ್ ಬರೆದ ಮಾತ್ರೆಯ ಹೆಸರೇನು, ಬೆಳಗಿನ ಜಾವ ಎಷ್ಟಕ್ಕೆ ಎಚ್ಚರವಾಗುತ್ತದೆ, ಇಷ್ಟು ಬರೆದು ಕಳಿಸಿ. ಮುಂದಿನದು ನೋಡೋಣ.